ಸ್ಲೋ ನಿಲ್ಲದ ಎಂಜಿಬಿ: ಗುಬ್ಬಿ ತೋಟದ ಶೆಡ್ಡಿನಲ್ಲಿ ನಡೆದ ರಿಪೇರಿ

ಗಾಡಿ 1966ರ ಎಂಜಿಬಿ, ಇಂಗ್ಲೆಂಡಿನ ಹಳೇ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೇಲೆ ಬಟ್ಟೆ ಟಾಪು. ಮುಂದೆ 1,798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಅದರ ಮಗ್ಗುಲಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡುವ, ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್. ಮಾಲೀಕರು ನಮ್ಮ ಸೋದರಮಾವ. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾದ ಗಾಡಿ ಗುಬ್ಬಿ ಹತ್ತಿರದ ತೆಂಗಿನ ತೋಟಕ್ಕೆ ಹೇಗೆ ಬಂತು ಅನ್ನುವುದನ್ನು ಅವರ ಬಾಯಲ್ಲೇ ಕೇಳಬೇಕು. ನನಗೆ ಅಷ್ಟು ಬಣ್ಣ ಕಟ್ಟಿ ಹೇಳಲು ಬರುವುದಿಲ್ಲ. 2020ರ ಲಾಕ್‌ಡೌನ್ ಹೊತ್ತಿಗೆ ಶೆಡ್ಡಿನಲ್ಲಿ ನಿಲ್ಲಿಸಿದ್ದು, ಅಲ್ಲಿಂದ ಮೊನ್ನೆ ಮೊನ್ನೆಯವರೆಗೂ ಯಾರೂ ಮುಟ್ಟಿರಲಿಲ್ಲ. ಮೇಲೆ ಟಾರ್ಪಾಲು, ಟಾರ್ಪಾಲಿನ ಮೇಲೆ ಖಾಲಿ ಕೊಬ್ಬರಿ ಚೀಲಗಳು.

ಈಗ ಮಾವನಿಗೆ ಮತ್ತೆ ಓಡಿಸುವ ಆಸೆ ಬಂದಿದೆ. ತುಮಕೂರಿನಿಂದ ಒಬ್ಬ ಮೆಕ್ಯಾನಿಕ್ ಬಂದು ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿಕೊಟ್ಟಿದ್ದರು. ಸ್ಟಾರ್ಟ್ ಆಯ್ತು, ಓಡಿತು ಕೂಡ. ಆದರೆ ಆಕ್ಸಲರೇಟರ್‌ನಿಂದ ಕಾಲು ತೆಗೆದರೆ ಸ್ಲೋ ನಿಲ್ಲುತ್ತಿರಲಿಲ್ಲ. ಸ್ಲೋ ಅಂದರೆ ಆಕ್ಸಲರೇಟರ್ ಒತ್ತದಿದ್ದಾಗಲೂ ಎಂಜಿನ್ ಆಫ್ ಆಗದೆ ನಿಧಾನಕ್ಕೆ ಓಡುತ್ತಿರುವುದು. ಮಾವ ಫೋನ್ ಮಾಡಿದರು.

“ಲೋ, ಕಾರ್ಬುರೇಟರ್ ಹೋಗಿದೆ ಅಂತಾರೆ ಕಣೋ. ಎರಡೂ ಹೊಸದು ತರಿಸ್ಬೇಕಂತೆ. ನೀನೊಂದ್ಸಲ ನೋಡು.”

“ತರಿಸೋದು ಆಮೇಲೆ ಮಾವ. ನಾನು ಬರೋವರೆಗೂ ಯಾರಿಗೂ ಸ್ಕ್ರೂ ಮುಟ್ಟೋಕೆ ಬಿಡಬೇಡಿ.”

ಸ್ಲೋ ಕೆಟ್ಟರೆ ಎಲ್ಲರ ಕೈಯೂ ಮೊದಲು ಹೋಗುವುದು ಕಾರ್ಬುರೇಟರ್ ಸ್ಕ್ರೂಗೆ. ಅದು ಕಣ್ಣಿಗೆ ಕಾಣುತ್ತದೆ, ಸ್ಕ್ರೂಡ್ರೈವರ್‌ಗೆ ಸಿಗುತ್ತದೆ, ತಿರುಗಿಸಿದ ತಕ್ಷಣ ಶಬ್ದ ಬದಲಾಗುತ್ತದೆ. ಆದರೆ ಟ್ಯಾಪೆಟ್ (ವಾಲ್ವ್ ಒತ್ತುವ ಭಾಗದ ಸಂದು), ಕಿಡಿ ಕೊಡುವ ಕರೆಂಟು, ಗಾಳಿ ಲೀಕು, ಪೆಟ್ರೋಲ್ ಮಟ್ಟ ಈ ನಾಲ್ಕರಲ್ಲಿ ಯಾವುದು ಕೆಟ್ಟರೂ ಕೊನೆಗೆ ಕಾಣಿಸಿಕೊಳ್ಳುವುದು ಸ್ಲೋನಲ್ಲೇ. ಸ್ಕ್ರೂ ತಿರುಗಿಸಿದರೆ ಕಾಯಿಲೆ ಮುಚ್ಚಿಹೋಗುತ್ತದೆ ಅಷ್ಟೆ. ನಾನು ನೋಡುವ ಹೊತ್ತಿಗೆ ಎರಡೂ ಸ್ಲೋ ಸ್ಕ್ರೂಗಳನ್ನು ಒಳಕ್ಕೆ ತಿರುಗಿಸಿ ತಿರುಗಿಸಿ ಗಾಳಿಯ ಬಾಗಿಲಾದ ಥ್ರಾಟಲ್ ಅರ್ಧಂಬರ್ಧ ತೆರೆದೇ ಇತ್ತು.

ಏನನ್ನೂ ಬಿಚ್ಚುವ ಮುಂಚೆ ಸುಮ್ನೆ ಸ್ಟಾರ್ಟ್ ಮಾಡಿ, ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೇಳುತ್ತ ಕೂತೆ. ಬೆಳಗ್ಗೆ ತಣ್ಣಗಿರುವಾಗ ಪೆಟ್ರೋಲ್ ಜಾಸ್ತಿ ಮಾಡುವ ಚೋಕ್ ಎಳೆದರೆ ಚೆನ್ನಾಗಿ ನಿಲ್ಲುತ್ತಿತ್ತು. ಚೋಕ್ ಒಳಗೆ ತಳ್ಳಿದರೆ ಒಂದೆರಡು ಸಲ ಸೀನಿ ಆಫ್. ಬಿಸಿಯಾದ ಮೇಲೆ ರೇಸ್ ಕೊಟ್ಟು ಬಿಟ್ಟರೆ ಆರ್‌ಪಿಎಂ ಮೀಟರಿನ ಮುಳ್ಳು 1,500ರಲ್ಲೇ ನೇತಾಡಿ, ನಿಧಾನಕ್ಕೆ ಇಳಿಯುತ್ತಿತ್ತು. ಇನ್ನು ಕೆಲವು ಸಲ ಯಾವ ಮುನ್ಸೂಚನೆಯೂ ಇಲ್ಲದೆ ಸೈಲೆನ್ಸರ್‌ನಲ್ಲಿ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಮಿಸ್ಸಿಂಗ್, ಆಮೇಲೆ ಆಫ್.

ಮೊದಲ ಎರಡು ಗಾಳಿ ಜಾಸ್ತಿ ಆದ ಲಕ್ಷಣ. ಮೂರನೆಯದು ಪೆಟ್ರೋಲ್ ಜಾಸ್ತಿ ಆದದ್ದು. ಒಂದೇ ಎಂಜಿನ್‌ನಲ್ಲಿ ಎರಡು ಉಲ್ಟಾ ಕಾಯಿಲೆ. ಇಂಥದ್ದಕ್ಕೆ ಯಾವ ಸ್ಕ್ರೂ ಎಷ್ಟು ತಿರುಗಿಸಿದರೂ ಸರಿ ಹೋಗುವುದಿಲ್ಲ ಅಲ್ವಾ?

ಟ್ಯಾಂಕಿನಿಂದ ಶುರು ಮಾಡಿದೆ. ಹಳೇ ಪೆಟ್ರೋಲ್ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ವಾಸನೆ ಪೆಟ್ರೋಲಿನದಲ್ಲ, ವಾರ್ನಿಷ್‌ನದು. ಪೆಟ್ರೋಲಿನ ಹಗುರವಾದ ಅಂಶ ಮೊದಲು ಆವಿಯಾಗಿ ಹೋಗುತ್ತದೆ. ಉಳಿದದ್ದು ಗಾಳಿ ತಗುಲಿ ಅಂಟಾಗುತ್ತದೆ. ಆ ಅಂಟೇ ಕಾರ್ಬುರೇಟರ್‌ನ ಸಣ್ಣ ತೂತುಗಳಲ್ಲಿ ಕೂರುವುದು. ಹೊಸ ಪೆಟ್ರೋಲಿನದ್ದು ಬೇರೆ ತಾಪತ್ರಯ. 2025ರಿಂದ ಬಂಕಿನಲ್ಲಿ ಸಿಗುವುದು ಹೆಚ್ಚುಕಮ್ಮಿ ಎಲ್ಲ ಕಡೆ 20 ಪರ್ಸೆಂಟ್ ಎಥೆನಾಲ್ ಬೆರೆತದ್ದು. ಎಥೆನಾಲ್ ನೀರು ಹೀರುತ್ತದೆ, ಹಳೇ ಕಾಲದ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಈ ಗಾಡಿಯ ಒಂದು ಹೋಸ್ ಕತ್ತರಿಸಿ ಬೆರಳಲ್ಲಿ ಉಜ್ಜಿದರೆ ಕೈಯೆಲ್ಲ ಮಸಿ. ಎಥೆನಾಲ್ ತಡೆಯುವ ಹೋಸ್ ತಂದು ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ ಇರುವ ರಬ್ಬರನ್ನೆಲ್ಲ ಬದಲಾಯಿಸಿದೆ. ಇದರಲ್ಲಿ ಕಾಸು ಉಳಿಸಲು ಹೋಗಬೇಡಿ. ಈ ಎಂಜಿನ್‌ನಲ್ಲಿ ಕಾರ್ಬುರೇಟರ್ ಇರುವ ಮಗ್ಗುಲಲ್ಲೇ ಸುಟ್ಟ ಹೊಗೆ ಹೊರಗೆ ಹೋಗುವ ಬಿಸಿ ಪೈಪು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೂಡ ಇದೆ. ತೊಟ್ಟಿಕ್ಕುವ ಪೆಟ್ರೋಲ್ ನೇರ ಅದರ ಮೇಲೇ ಬೀಳುತ್ತದೆ.

ಪೆಟ್ರೋಲ್ ಪಂಪು ಹಿಂದೆ, ಬಲಗಡೆ ಚಕ್ರದ ಹತ್ತಿರ. ಅದೂ ಎಸ್‌ಯು ಕಂಪನಿಯದೇ, ಕರೆಂಟಿನಲ್ಲಿ ಓಡುವಂಥದ್ದು. ಕೀ ಹಾಕಿದರೆ ಟಿಕ್ ಟಿಕ್ ಅಂತ ಜೋರಾಗಿ ಶುರುವಾಗಿ, ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬೌಲ್ ತುಂಬುತ್ತಿದ್ದಂತೆ ನಿಧಾನವಾಗಿ ನಿಲ್ಲಬೇಕು. ಇದು ನಿಲ್ಲುತ್ತಿರಲಿಲ್ಲ. ಎಂಜಿನ್ ಆಫ್ ಇದ್ದಾಗಲೂ ಆಗಾಗ ಒಂದು ಟಿಕ್. ಅಂದರೆ ಪೆಟ್ರೋಲ್ ಎಲ್ಲೋ ಹೋಗುತ್ತಿದೆ. ಹೊರಗಡೆ ಎಲ್ಲೂ ಒದ್ದೆ ಇಲ್ಲ. ಹಾಗಾದರೆ ಯಾವುದೋ ಒಂದು ಬೌಲಿನಲ್ಲಿ, ತುಂಬಿದ ಮೇಲೆ ಪೆಟ್ರೋಲ್ ತಡೆಯುವ ನೀಡಲ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಇದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಮುಂದೆ ಹೋದೆ.

ಟ್ಯಾಪೆಟ್ ಕೆಲಸ ಸಲೀಸು. ತಣ್ಣಗಿರುವಾಗ ಸಂದು 15 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ), ಅಂದರೆ 0.38 ಮಿ.ಮೀ. ಎಂಟು ವಾಲ್ವ್‌ಗೆ ಒಂಬತ್ತರ ಲೆಕ್ಕ ಹಿಡಿದರೆ ತಲೆ ಕೆಡುವುದಿಲ್ಲ. ಒಂದನೇ ವಾಲ್ವ್ ಪೂರ್ತಿ ತೆರೆದಾಗ ಎಂಟನೆಯದನ್ನು ಸೆಟ್ ಮಾಡುವುದು, ಮೂರನೆಯದು ತೆರೆದಾಗ ಆರನೆಯದನ್ನು. ಎರಡೂ ಕೂಡಿದರೆ ಒಂಬತ್ತು ಬರಬೇಕು. ಮೂರನೇ ಸಿಲಿಂಡರ್‌ನ ಎಕ್ಸಾಸ್ಟ್ ವಾಲ್ವ್ ಬಿಗಿಯಾಗಿತ್ತು, ಫೀಲರ್ ಗೇಜ್ ನುಗ್ಗುತ್ತಲೇ ಇರಲಿಲ್ಲ. ಸಡಿಲಿಸಿದ ಮೇಲೆ ಆ ಸಿಲಿಂಡರ್‌ನ ಕಂಪ್ರೆಷನ್ ಮಿಕ್ಕ ಮೂರರ ಹತ್ತಿರಕ್ಕೆ ಬಂತು. ನಾಲ್ಕೂ ಸಿಲಿಂಡರ್ ಸಮ ಇಲ್ಲದಿದ್ದರೆ ಕಾರ್ಬುರೇಟರ್ ಮುಟ್ಟುವುದೇ ದಂಡ.

ಕರೆಂಟಿನ ಕಡೆ ಬರುವ ಮುಂಚೆ ಒಂದು ಎಚ್ಚರಿಕೆ. ಈ ಕಾಲದ ಎಂಜಿಬಿಯಲ್ಲಿ ಗಾಡಿಯ ಬಾಡಿಗೆ, ಅಂದರೆ ಲೋಹದ ಮೈಗೆ, ಸೇರಿಸುವುದು ಬ್ಯಾಟರಿಯ ಪಾಸಿಟಿವ್ ತುದಿ. ನಮ್ಮ ಈಗಿನ ಗಾಡಿಗಳಿಗೆ ಉಲ್ಟಾ. ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ, ಸೀರೀಸ್‌ನಲ್ಲಿ ಸೇರಿಸಿ 12 ವೋಲ್ಟ್. ಜಂಪ್ ಕೊಡಲು ಬಂದವರು ಅಭ್ಯಾಸಬಲದಿಂದ ಕಪ್ಪು ವೈರನ್ನು ಬಾಡಿಗೆ ಸಿಕ್ಕಿಸಿದರೆ ಕತೆ ಮುಗೀತು. ಹಾಗಾಗಿ ಬಾನೆಟ್ ಒಳಗೆ ದಪ್ಪ ಅಕ್ಷರದಲ್ಲಿ “ಬಾಡಿ = ಪ್ಲಸ್” ಅಂತ ಬರೆದು ಅಂಟಿಸಿದೆ. ಮಾವನಿಗೆ ಅದು ಚೂರೂ ಇಷ್ಟವಾಗಲಿಲ್ಲ. ಗಾಡಿ ಅಂದ ಹಾಳಾಯ್ತಂತೆ.

ಪ್ಲಗ್‌ಗಳಿಗೆ ಕಿಡಿ ಹಂಚುವ ಲ್ಯೂಕಾಸ್ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದರೆ, ಕಿಡಿಗಾಗಿ ಕರೆಂಟು ಕಡಿದು ಜೋಡಿಸುವ ಪಾಯಿಂಟ್ ಮೇಲೆ ಬೂದು ಬಣ್ಣದ ಪೊರೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಇದು ಇದ್ದೇ ಇರುತ್ತದೆ. ನಯವಾದ ಎಮರಿ ಪೇಪರ್‌ನಲ್ಲಿ ಒಂದು ಸಲ ಎಳೆದು, ಪೆಟ್ರೋಲ್‌ನಲ್ಲಿ ಅದ್ದಿದ ಬಿಳಿ ಕಾಗದದಿಂದ ಒರೆಸಿ, 15 ಥೌ ಗ್ಯಾಪ್ ಕೊಟ್ಟೆ. ಪ್ಲಗ್ ಗ್ಯಾಪ್ 25 ಥೌ. ಕಂಡೆನ್ಸರ್ ಹೊಸದು ಹಾಕಲಿಲ್ಲ. ಹಳೇದು ಕೆಲಸ ಮಾಡುತ್ತಿದ್ದರೆ ಅದನ್ನು ಬಿಚ್ಚಿ ಈಗ ಸಿಗುವ ಅಗ್ಗದ ಮಾಲು ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಪಾಯಿಂಟ್ ಎಲ್ಲರೂ ನೋಡುತ್ತಾರೆ, ಅದರ ಕೆಳಗಿನ ತಟ್ಟೆ ಎತ್ತಿ ನೋಡುವವರು ಕಮ್ಮಿ. ಅಲ್ಲಿ ಎರಡು ಸಣ್ಣ ತೂಕದ ತುಂಡು, ಎರಡು ಸ್ಪ್ರಿಂಗ್ ಇರುತ್ತವೆ. ಎಂಜಿನ್ ಜೋರಾದಂತೆ ತೂಕಗಳು ಹೊರಕ್ಕೆ ಅಗಲಿ ಕಿಡಿಯನ್ನು ಮುಂಚೆ ಬೀಳಿಸುತ್ತವೆ. ನಿಧಾನವಾದಾಗ ಸ್ಪ್ರಿಂಗ್ ಅವನ್ನು ಒಳಗೆ ಎಳೆದುಕೊಳ್ಳಬೇಕು. ರೋಟರನ್ನು ಬೆರಳಲ್ಲಿ ತಿರುವಿ ಬಿಟ್ಟೆ. ಟಪ್ಪಂತ ವಾಪಸ್ ಬರಬೇಕಾದದ್ದು ಅರ್ಧಕ್ಕೇ ನಿಂತಿತು. ಹಳೇ ಗ್ರೀಸ್ ಒಣಗಿ ಮೇಣದಂತೆ ಗಟ್ಟಿಯಾಗಿತ್ತು. ರೇಸ್ ಬಿಟ್ಟ ಮೇಲೂ ಮುಳ್ಳು 1,500ರಲ್ಲಿ ನೇತಾಡುತ್ತಿದ್ದುದಕ್ಕೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಕಾಲು ತೆಗೆದರೂ ಟೈಮಿಂಗ್ ಮುಂದಕ್ಕೇ ಉಳಿದಿದ್ದರೆ ಸ್ಲೋ ಇಳಿಯುವುದಾದರೂ ಹೇಗೆ? ತೊಳೆದು, ತೊಟ್ಟು ಎಣ್ಣೆ ಬಿಟ್ಟು, ಟೈಮಿಂಗನ್ನು ಟಿಡಿಸಿಗೆ, ಅಂದರೆ ಪಿಸ್ಟನ್ ತೀರಾ ಮೇಲೆ ಬರುವ ಜಾಗಕ್ಕೆ, 10 ಡಿಗ್ರಿ ಮುಂಚೆ ಇಟ್ಟೆ.

ಇಷ್ಟಾದ ಮೇಲೆ ಸ್ಟಾರ್ಟ್ ಮಾಡಿದರೆ ಎಂಜಿನ್ ಶಬ್ದವೇ ಬೇರೆ. ಆದರೂ ಚೋಕ್ ಇಲ್ಲದೆ ನಿಲ್ಲಲಿಲ್ಲ. ಗಾಳಿ ಎಲ್ಲಿಂದಲೋ ನುಗ್ಗುತ್ತಿತ್ತು.

ಗಾಳಿ ಲೀಕ್ ಹುಡುಕುವಾಗ ಕೆಲವರು ಪೆಟ್ರೋಲ್ ಚಿಮುಕಿಸುತ್ತಾರೆ, ಕೆಲವರು ಥಿನ್ನರ್. ನಮ್ಮ ತೋಟದ ಪಂಪ್‌ಸೆಟ್ ರಿಪೇರಿಗೆ ಬರುವ ಅಣ್ಣ ಊದುಬತ್ತಿ ಹಚ್ಚಿಕೊಂಡೇ ಬಂದರು. “ಹೊಗೆ ಎಲ್ಲಿಗೆ ಎಳ್ಕೊಳ್ಳುತ್ತೆ ನೋಡಿ, ಗೊತ್ತಾಗುತ್ತೆ” ಅಂದರು. ಐಡಿಯಾ ಚೆನ್ನಾಗಿಯೇ ಇದೆ. ಆದರೆ ತುಂಬಿದ ಎರಡು ಪೆಟ್ರೋಲ್ ಬೌಲ್ ಪಕ್ಕ ಕೆಂಡ ಹಿಡಿಯುವ ಧೈರ್ಯ ನನಗಿಲ್ಲ. “ಅದನ್ನ ದೇವರ ಮುಂದೆ ಇಟ್ಬಿಡಿ ಅಣ್ಣ” ಅಂದು, ಕಟಿಂಗ್ ಶಾಪ್‌ನವರು ತಲೆಗೆ ನೀರು ಹೊಡೆಯುತ್ತಾರಲ್ಲ, ಅಂಥ ಸ್ಪ್ರೇ ಬಾಟಲ್ ತೆಗೆದುಕೊಂಡೆ. ಬರೀ ನೀರು. ಎಂಜಿನ್ ಓಡುತ್ತಿರುವಾಗ ಒಂದೊಂದೇ ಜಾಗಕ್ಕೆ ಸಣ್ಣಗೆ ಹೊಡೆಯುವುದು. ಲೀಕ್ ಇರುವ ಕಡೆ ನೀರು ಒಳಗೆ ಎಳೆದುಕೊಂಡು ಶಬ್ದ ಬದಲಾಗುತ್ತದೆ. ಬೆಂಕಿಯ ಭಯ ಇಲ್ಲ. ಡಿಸ್ಟ್ರಿಬ್ಯೂಟರ್ ಕಡೆ ಮಾತ್ರ ಹೊಡೆಯಬಾರದು.

ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸುತ್ತ ಏನೂ ಆಗಲಿಲ್ಲ. ಮುಂದಿನ ಕಾರ್ಬುರೇಟರ್‌ನ ಥ್ರಾಟಲ್ ತಿರುಗುವ ಕಡ್ಡಿ, ಅಂದರೆ ಸ್ಪಿಂಡಲ್‌ನ ತುದಿಗೆ ಹೊಡೆದಾಗ ಎಂಜಿನ್ ತಡವರಿಸಿತು. ಹಿಂದಿನದಕ್ಕೂ ಅಷ್ಟೆ, ಸ್ವಲ್ಪ ಕಮ್ಮಿ. ಇದು ಶೆಡ್ಡಿನಲ್ಲಿ ನಿಂತು ಆದದ್ದಲ್ಲ. ಐವತ್ತು ಚಿಲ್ಲರೆ ವರ್ಷ ಓಡಿ ಸವೆದದ್ದು.

ದೊಡ್ಡ ಲೀಕು ಬೇರೆ ಕಡೆ ಇತ್ತು. 1964ರಿಂದ 68ರ ಆಸುಪಾಸಿನ ಎಂಜಿಬಿಗಳಲ್ಲಿ ಇನ್‌ಲೆಟ್ ಮ್ಯಾನಿಫೋಲ್ಡ್ ಮೇಲೆ ಅಣಬೆ ಆಕಾರದ ಒಂದು ವಾಲ್ವ್ ಇರುತ್ತದೆ. ಎಂಜಿನ್ ಹೊಟ್ಟೆಯ ಹೊಗೆಯನ್ನು ಎಳೆದು ಮತ್ತೆ ಸುಡಲು ಕಳಿಸುವುದು ಅದರ ಕೆಲಸ. ಒಳಗೊಂದು ರಬ್ಬರ್ ಡಯಾಫ್ರಮ್, ಮೇಲಿನ ಮುಚ್ಚಳದಲ್ಲಿ ಗಾಳಿಗೊಂದು ಸಣ್ಣ ತೂತು. ಆ ತೂತಿನ ಮೇಲೆ ಬೆರಳಿಟ್ಟೆ. ಸುಯ್ ಅನ್ನುವ ಶಬ್ದ ನಿಂತಿತು, ಎಂಜಿನ್ ಸಮ ಆಯಿತು. ಬೆರಳು ತೆಗೆದರೆ ಮತ್ತೆ ಒದ್ದಾಟ. ಮಾವನನ್ನು ಕರೆದು ಅವರ ಬೆರಳನ್ನೂ ಇಡಿಸಿದೆ. ಕ್ಲಿಪ್ ತೆಗೆದು ನೋಡಿದರೆ ಡಯಾಫ್ರಮ್ ಅಂಚಿನಲ್ಲಿ ಉಗುರಗಲ ಸೀಳು. ರಬ್ಬರ್ ಹಪ್ಪಳದ ಹಾಗೆ ಒಣಗಿತ್ತು.

ಈ ವಾಲ್ವ್ ಸರಿಯಿದೆಯೋ ಇಲ್ಲವೋ ನೋಡಲು ಹಳೇ ವರ್ಕ್‌ಶಾಪ್ ಪುಸ್ತಕದಲ್ಲೇ ಒಂದು ಪರೀಕ್ಷೆ ಇದೆ. ಎಂಜಿನ್ ಬಿಸಿಯಾಗಿ ಸ್ಲೋನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ವಾಲ್ವ್ ಸರಿಯಿದ್ದರೆ ಸುಮಾರು 200 ಆರ್‌ಪಿಎಂ ಏರಬೇಕು. ನಮ್ಮದರಲ್ಲಿ ಏನೂ ಆಗಿರಲಿಲ್ಲ. ಹೊಸ ಡಯಾಫ್ರಮ್ ಇಂಗ್ಲೆಂಡಿನಿಂದಲೇ ಬರಬೇಕು. ಅಲ್ಲಿಯವರೆಗೆ ಮ್ಯಾನಿಫೋಲ್ಡ್ ತೂತಿಗೆ ಬೋಲ್ಟ್ ಜಡಿದು ಮುಚ್ಚಿ, ಎಂಜಿನ್‌ನ ಉಸಿರನ್ನು ಪೈಪಿನಲ್ಲಿ ಹೊರಗೆ ಬಿಟ್ಟು ಮುಂದಿನ ಕೆಲಸ ಮಾಡಿದೆ.

ಅಲ್ಲಿಗೆ ಕಾರ್ಬುರೇಟರ್ ಬಿಚ್ಚುವ ಸರದಿ ಬಂತು.

ಮುಂದಿನದರ ಬೌಲ್ ತೆಗೆದಾಗ ಕಪ್ಪು ಹೊಗೆಯ ಗುಟ್ಟು ಹೊರಬಿತ್ತು. ನೀಡಲ್ ವಾಲ್ವ್ ಮೇಲೆ ಆ ವಾರ್ನಿಷ್ ಅಂಟು. ಒಮ್ಮೆ ಕೂರುತ್ತದೆ, ಒಮ್ಮೆ ಕೂರುವುದಿಲ್ಲ. ಪಂಪಿನ ಆ ಟಿಕ್ ಇದರದ್ದೇ. ಜೊತೆಗೆ ಇನ್ನೊಂದು. ಬೌಲ್ ಮುಚ್ಚಳದಿಂದ ಕೆಳಕ್ಕೆ ಇಳಿಯುವ ಸಣ್ಣ ಪೈಪಿನ ಬಾಯಲ್ಲಿ ಕಣಜ ಗೂಡು ಕಟ್ಟಿತ್ತು, ಒಳ್ಳೆ ಕೆಮ್ಮಣ್ಣಿನ ಗೂಡು. ಬೌಲ್ ಉಸಿರಾಡುವುದು, ಜಾಸ್ತಿಯಾದ ಪೆಟ್ರೋಲನ್ನು ಹೊರಗೆ ಚೆಲ್ಲುವುದು, ಎರಡೂ ಆ ಪೈಪಿನಲ್ಲೇ. ಅದು ಮುಚ್ಚಿದ್ದರಿಂದ ಜಾಸ್ತಿ ತುಂಬಿದ ಪೆಟ್ರೋಲ್ ಹೊರಗೆ ಬೀಳದೆ, ಗಾಳಿಗೆ ಪೆಟ್ರೋಲ್ ಬಿಡುವ ತೂತಾದ ಜೆಟ್ ಮೂಲಕ ಎಂಜಿನ್‌ಗೇ ಹೋಗುತ್ತಿತ್ತು. ಹೊರಗಡೆ ಒದ್ದೆ ಕಾಣದಿದ್ದುದು ಇದಕ್ಕೇ. ತೋಟದ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವವರು ಪೈಪಿನ ತುದಿಗಳಿಗೆಲ್ಲ ಸಣ್ಣ ಜಾಲರಿ ಬಟ್ಟೆ ಕಟ್ಟಿದರೆ ಒಳ್ಳೆಯದು. ಸೈಲೆನ್ಸರ್‌ಗೂ ಸೇರಿಸಿ.

ಸ್ಪಿಂಡಲ್ ಕೆಲಸ ನನ್ನ ಕೈಲಾಗುವುದಲ್ಲ. ತುಮಕೂರಿನಲ್ಲಿ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಇತ್ತಲ್ಲ, ಮುಚ್ಚಿಹೋಯಿತು, ಜಾಗ ಇಸ್ರೊ ಪಾಲಾಯಿತು. ಆದರೆ ಅಲ್ಲಿ ಪಳಗಿದ ಕೈಗಳು ಊರಲ್ಲಿ ಇನ್ನೂ ಇವೆ. ಅಂಥ ಒಬ್ಬ ಹಿರಿಯರು ಮನೆ ಹಿಂದೆ ಸಣ್ಣದೊಂದು ಲೇತ್ ಇಟ್ಟುಕೊಂಡಿದ್ದಾರೆ. ಕಾರ್ಬುರೇಟರ್ ಬಾಡಿ ಕೈಗೆ ತೆಗೆದುಕೊಂಡು, ಸ್ಪಿಂಡಲ್ ಅಲ್ಲಾಡಿಸಿ ನಕ್ಕರು.

“ಇಷ್ಟೊಂದು ಪ್ಲೇ ಇಟ್ಕೊಂಡು ಓಡ್ಸಿದೀರಾ? ನಾವು ನೋಡಿದ ಲೆಕ್ಕಕ್ಕೆ ಇದು ಎತ್ತಿನ ಗಾಡಿ ಅಚ್ಚು ಕಣಪ್ಪಾ.”

ಸ್ಪಿಂಡಲ್ ದಪ್ಪ ಒಂದು ಇಂಚಿನ 16ರಲ್ಲಿ 5 ಭಾಗ, ಸುಮಾರು 7.94 ಮಿ.ಮೀ. ಎರಡೂ ಕಡೆಯ ತೂತನ್ನು ಒಂದೇ ಸಲ ಕಟ್ಟಿ, ಬಾಡಿ ಕದಲಿಸದೆ ರೀಮರ್ ಹಾಯಿಸಿದರು. ಒಂದು ಕಡೆ ಮುಗಿಸಿ ಇನ್ನೊಂದು ಕಡೆ ತಿರುಗಿಸಿ ಮಾಡಿದರೆ ಎರಡು ತೂತೂ ಒಂದೇ ಗೆರೆಯಲ್ಲಿ ಬರುವುದಿಲ್ಲ, ಸ್ಪಿಂಡಲ್ ಬಿಗಿಯುತ್ತದೆ ಅಂದರು. ಹಿತ್ತಾಳೆ ಬುಷ್ ಕೂರಿಸಿ ಹೊಸ ಸ್ಪಿಂಡಲ್ ಹಾಕಿಕೊಟ್ಟರು. ಈಗ ಬೆರಳಿಗೆ ಆಟವೇ ತಿಳಿಯುವುದಿಲ್ಲ. ಹೊಸ ಕಾರ್ಬುರೇಟರ್ ತರಿಸುವ ದುಡ್ಡಿನ ಒಂದು ಮೂಲೆಯೂ ಖರ್ಚಾಗಲಿಲ್ಲ. ಮೇಲೆ ಕಾಫಿಯೂ ಅವರದೇ.

ಥ್ರಾಟಲ್ ತಟ್ಟೆ ವಾಪಸ್ ಹಾಕುವಾಗ ನಿಧಾನ ಬೇಕು. ತಟ್ಟೆಯ ಅಂಚು ಓರೆ ಇರುತ್ತದೆ. ಬಿಚ್ಚುವ ಮುಂಚೆಯೇ ಗುರುತು ಹಾಕಿಕೊಂಡಿದ್ದೆ. ಸ್ಕ್ರೂ ಸಡಿಲ ಬಿಟ್ಟು, ಥ್ರಾಟಲನ್ನು ನಾಲ್ಕೈದು ಸಲ ಟಪ್ಪಂತ ಮುಚ್ಚಿದರೆ ತಟ್ಟೆ ತಾನೇ ಮಧ್ಯಕ್ಕೆ ಕೂರುತ್ತದೆ. ಆಮೇಲೆ ಬಿಗಿ ಮಾಡಬೇಕು. ಆ ಎರಡು ಪುಟ್ಟ ಸ್ಕ್ರೂಗಳ ತುದಿ ಸೀಳಿರುತ್ತದೆ, ಅದನ್ನು ಅಗಲಿಸಲೇಬೇಕು. ಅಗಲಿಸದಿದ್ದರೆ ಅವು ಸಡಿಲವಾಗಿ ಬೀಳುವುದು ಸೀದಾ ಎಂಜಿನ್ ಒಳಕ್ಕೆ.

ಕಾರ್ಬುರೇಟರ್ ಮೇಲೆ ಕೂರುವ ಗಂಟೆಯಂಥ ಡ್ಯಾಶ್‌ಪಾಟ್‌ಗಳನ್ನು ಥಿನ್ನರ್‌ನಲ್ಲಿ ತೊಳೆದೆ. ಎಮರಿ ಪೇಪರ್ ಮುಟ್ಟಿಸಲಿಲ್ಲ. ಒಳಗಿನ ಪಿಸ್ಟನ್ ಗೋಡೆಗೆ ತಾಗದೆ ಜಾರಬೇಕು, ಅಂತರ ಅಷ್ಟು ಸಣ್ಣದು. ಒಂದರ ಪಿಸ್ಟನ್ ಇನ್ನೊಂದರ ಡ್ಯಾಶ್‌ಪಾಟ್‌ಗೆ ಹಾಕುವಂತಿಲ್ಲ, ಜೋಡಿ ಬೇರೆ ಬೇರೆ. ಮೇಲೆ ಹಾಕುವುದು 20 ನಂಬರ್ ಎಣ್ಣೆ.

ಸೆಟ್ಟಿಂಗ್ ಕೆಲಸ ನನಗೆ ಎಲ್ಲಕ್ಕಿಂತ ಖುಷಿ ಕೊಡುವುದು. ಎರಡೂ ಜೆಟ್ ನಟ್ಟನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಅಲ್ಲಿಂದ ಹನ್ನೆರಡು ಮುಖ, ಅಂದರೆ ಎರಡು ಸುತ್ತು ಕೆಳಗೆ. ಇದು ಶುರು ಮಾಡುವ ಜಾಗ, ನಟ್ಟು ಕೆಳಗೆ ಹೋದಷ್ಟೂ ಪೆಟ್ರೋಲ್ ಜಾಸ್ತಿ. ಎರಡು ಕಾರ್ಬುರೇಟರನ್ನು ಸೇರಿಸುವ ಕ್ಲ್ಯಾಂಪ್ ಸಡಿಲಿಸಿ, ಒಂದು ರಬ್ಬರ್ ಪೈಪಿನ ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರ್ ಬಾಯಿಗೆ. ಎರಡರಲ್ಲೂ ಸುಯ್ ಶಬ್ದ ಒಂದೇ ಸಮ ಕೇಳುವವರೆಗೂ ಸ್ಲೋ ಸ್ಕ್ರೂ ತಿರುಗಿಸುವುದು. ಮೀಟರ್ ಇದೆ, ಆದರೆ ಪೈಪು ಸಾಕು. ಆಮೇಲೆ ಕ್ಲ್ಯಾಂಪ್ ಬಿಗಿ.

ಪೆಟ್ರೋಲ್ ಹದಕ್ಕೆ ಪ್ರತಿ ಕಾರ್ಬುರೇಟರ್ ಕೆಳಗೂ ಒಂದು ಪುಟ್ಟ ಪಿನ್ ಇದೆ. ಅದನ್ನು ಒತ್ತಿ ಪಿಸ್ಟನ್ ಒಂದು ಮಿ.ಮೀ.ಗಿಂತ ಕಮ್ಮಿ ಎತ್ತಬೇಕು. ಎಂಜಿನ್ ಜೋರಾಗಿ ಹಾಗೇ ಇದ್ದರೆ ಪೆಟ್ರೋಲ್ ಜಾಸ್ತಿ. ಆಫ್ ಆಗಲು ಹೋದರೆ ಕಮ್ಮಿ. ಒಂದು ಕ್ಷಣ ಏರಿ ಮತ್ತೆ ಇಳಿದರೆ ಹದ. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಮೇಲಿದೆ. ಗಾಳಿ ತೆಳು, ಅದರಿಂದ ಹದ ಪೆಟ್ರೋಲ್ ಕಡೆಗೆ ವಾಲುತ್ತದೆ. ಎಥೆನಾಲ್ ಪೆಟ್ರೋಲ್ ಉಲ್ಟಾ, ಗಾಳಿ ಕಡೆಗೆ ವಾಲಿಸುತ್ತದೆ. ಒಂದು ಇನ್ನೊಂದರಲ್ಲಿ ಸ್ವಲ್ಪ ತಿಂದುಹಾಕುತ್ತದೆ, ಆದರೂ ಎಥೆನಾಲ್‌ದೇ ಕೈ ಮೇಲು. ಹಾಗಾಗಿ ನಮ್ಮ ನಟ್ಟುಗಳು ಹನ್ನೆರಡಕ್ಕೆ ನಿಲ್ಲದೆ ಹದಿನೈದರ ಹತ್ತಿರ ಬಂದು ಕೂತವು. ಹಳೇ ಪುಸ್ತಕದಲ್ಲಿ ಸ್ಲೋ 500 ಅಂತಿದೆ. ಅಷ್ಟು ಕೆಳಗೆ ಇಡುವ ಹಟ ನನಗಿಲ್ಲ. 800ಕ್ಕೆ ಬಿಟ್ಟೆ. ಮುಳ್ಳು ಅಲ್ಲಾಡಲಿಲ್ಲ.

ಶೆಡ್ಡಿನಲ್ಲಿ ನಿಂತ ಸ್ಲೋ ಬಿ.ಎಚ್. ರಸ್ತೆಯಲ್ಲಿ ನಿಲ್ಲಬೇಕಲ್ಲ. ಮಧ್ಯಾಹ್ನದ ಬಿಸಿಲಲ್ಲೇ ಮಾವನನ್ನು ಕೂರಿಸಿಕೊಂಡು ತುಮಕೂರಿಗೆ ಹೋದೆ. ಸಿಗ್ನಲ್‌ನಲ್ಲಿ ಬಸ್ಸು, ಆಟೋಗಳ ನಡುವೆ ಸಿಕ್ಕಿಕೊಂಡಾಗ 700ಕ್ಕೆ ಇಳಿಯಿತು, ಆದರೆ ಆಫ್ ಆಗಲಿಲ್ಲ. ಅಲ್ಲಿಂದ ನಾಮದ ಚಿಲುಮೆ ದಾಟಿ ದೇವರಾಯನದುರ್ಗ ಹತ್ತಿಸಿದೆವು. ಸುಮಾರು 1,200 ಮೀಟರ್ ಎತ್ತರದ ಬೆಟ್ಟ. ಮೇಲೆ ಸ್ಲೋ ಒಂಚೂರು ಭಾರವಾಗಿ ಕೇಳಿಸಿತು, ಗಾಳಿ ಇನ್ನೂ ತೆಳು ಆಗಿದ್ದಕ್ಕೆ. ಕೆಳಗೆ ಇಳಿದ ಮೇಲೆ ಮತ್ತೆ ಮೊದಲಿನಂತೆ. ಅದನ್ನು ನಾನು ಸರಿ ಮಾಡಲು ಹೋಗುವುದಿಲ್ಲ. ಮಾವ ದಿನಾ ಬೆಟ್ಟ ಹತ್ತುವುದಿಲ್ಲವಲ್ಲ.

ಡಯಾಫ್ರಮ್ ಬಂತು, ಹಾಕಿದೆ. ಆಯಿಲ್ ಮುಚ್ಚಳ ತೆಗೆದರೆ ಈಗ ಆರ್‌ಪಿಎಂ ಪುಸ್ತಕದಲ್ಲಿ ಹೇಳಿದಂತೆ ಏರುತ್ತದೆ. ಭಾನುವಾರ ಸುಮ್ನೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಅಭ್ಯಾಸ ಬೇಡ ಅಂತ ಮಾವನಿಗೆ ಹೇಳಿದ್ದೇನೆ. ಅಷ್ಟರಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಒಳಗೆ ನೀರಿನ ಪಸೆ ಉಳಿಯುತ್ತದೆ. ಗುಬ್ಬಿಗೆ ಹೋಗಿ ಕಾಫಿ ಕುಡಿದು ಬಂದರೆ ಸಾಕು.

ಒಂದು ಬಾಕಿ ಇದೆ. ಜೋರಾಗಿ ಓಡಿಸಿ ಬಂದು ಕೀ ತೆಗೆದರೆ ಕೆಲವು ಸಲ ಎಂಜಿನ್ ಕಿಡಿಯಿಲ್ಲದೆಯೇ ಮೂರ್ನಾಲ್ಕು ಸುತ್ತು ಕೆಮ್ಮಿಕೊಂಡು ನಿಲ್ಲುತ್ತದೆ. ಸಿಲಿಂಡರ್ ಹೆಡ್ಡಿನಲ್ಲಿ ಕೂತ ಕಾರ್ಬನ್ ಕೆಂಪಗೆ ಕಾದು ಹೀಗಾಗುತ್ತಿದೆ ಅಂತ ನನ್ನ ಅನುಮಾನ. ಅಷ್ಟು ದಿನ ಪೆಟ್ರೋಲ್ ಜಾಸ್ತಿ ಕುಡಿದ ಎಂಜಿನ್ ಬೇರೆ. ಹೆಡ್ ಇಳಿಸಿ ನೋಡಬೇಕು. ಮಾವ ಒಪ್ಪಿದ್ದಾರೆ, ಆದರೆ ಜಾತ್ರೆ ಮುಗಿದ ಮೇಲೆ ಅಂತೆ. ಹೆಡ್ ಗ್ಯಾಸ್ಕೆಟ್‌ಗೆ ಈಗಲೇ ಹೇಳಿಟ್ಟಿದ್ದೇನೆ.